ಹಿಮಗಾಲದಲ್ಲಿ ಕಾರನ್ನು ಹೊರಗೆ ಬಿಟ್ಟು ಹೋಗುವ ಮುನ್ನ

ಪ್ರಶ್ನೆ: ನಾವಿರುವ ಕಡೆ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಈ ಸಲ ನಾಲ್ಕು ತಿಂಗಳು ನಾವು ಊರಿನಲ್ಲಿ ಇರುವುದಿಲ್ಲ. ಮನೆಗೆ ಗ್ಯಾರೇಜ್ ಇಲ್ಲ. ಎಂಟು ವರ್ಷ ಹಳೆಯ ಪೆಟ್ರೋಲ್ ಕಾರು ಮನೆಯ ಪಕ್ಕದ ಹುಲ್ಲಿನ ಜಾಗದಲ್ಲೇ ನಿಲ್ಲಬೇಕು. ದಪ್ಪನೆಯ ಪ್ಲಾಸ್ಟಿಕ್ ಟಾರ್ಪಾಲಿನ್ ತಂದಿದ್ದೇನೆ. ಅದನ್ನು ಸುತ್ತಿ ಹಗ್ಗ ಬಿಗಿದರೆ ಸಾಕೇ? ಪ್ರತಿ ಭಾನುವಾರ ಹತ್ತು ನಿಮಿಷ ಇಂಜಿನ್ ಚಾಲೂ ಮಾಡಿ ಇಡುತ್ತೇವೆ ಎಂದು ಪಕ್ಕದ ಮನೆಯವರು ಹೇಳಿದ್ದಾರೆ. ಇನ್ನೇನು ಮಾಡಬೇಕು?

ಉತ್ತರ: ಟಾರ್ಪಾಲಿನ್ ಬೇಡ, ಹುಲ್ಲಿನ ಜಾಗ ಬೇಡ, ಭಾನುವಾರದ ಹತ್ತು ನಿಮಿಷವೂ ಬೇಡ. ನೀವು ಮಾಡಿಕೊಂಡ ಮೂರು ಏರ್ಪಾಡುಗಳನ್ನೂ ಒಂದೇ ಉಸಿರಿಗೆ ತಳ್ಳಿಹಾಕುತ್ತಿದ್ದೇನೆ ಎಂದು ಬೇಸರಪಡಬೇಡಿ. ಚಳಿಗಾಲ ಮುಗಿದ ಮೇಲೆ ನನ್ನ ವರ್ಕ್‌ಶಾಪಿಗೆ ಬರುವ ಕಾರುಗಳಲ್ಲಿ ಕೆಟ್ಟ ಸ್ಥಿತಿಯಲ್ಲಿರುವವು ಹೆಚ್ಚಾಗಿ ಯಾರೂ ಗಮನಿಸದೆ ಬಿಟ್ಟ ಕಾರುಗಳಲ್ಲ. ಅಕ್ಕರೆಯಿಂದ ಸುತ್ತಿ, ಕಟ್ಟಿ, ವಾರವಾರ ಚಾಲೂ ಮಾಡಿದ ಕಾರುಗಳೇ.

ಕಾರಣ ಸರಳ. ಜನ ಚಳಿಗೆ ಹೆದರುತ್ತಾರೆ, ಹೆದರಬೇಕಾದದ್ದು ತೇವಕ್ಕೆ. ಸರಿಯಾದ ಕೂಲಂಟ್ (ಇಂಜಿನ್ ತಂಪಾಗಿಡುವ ದ್ರವ) ಮತ್ತು ತುಂಬಿದ ಬ್ಯಾಟರಿ ಇರುವ ಕಾರಿಗೆ ಮೈನಸ್ 15 ಡಿಗ್ರಿಯ ಒಣ ಚಳಿ ದೊಡ್ಡ ಸಂಗತಿಯಲ್ಲ. ತುಕ್ಕು ಹಿಡಿಯುವುದೂ ಒಂದು ರಾಸಾಯನಿಕ ಕ್ರಿಯೆ, ತಂಪಾದಷ್ಟೂ ಅದು ನಿಧಾನವಾಗುತ್ತದೆ. ಹಗಲು 3 ಡಿಗ್ರಿ, ರಾತ್ರಿ ಮೈನಸ್ 2, ನಡುವೆ ಹಿಮ ಕರಗಿ ಮತ್ತೆ ಹೆಪ್ಪುಗಟ್ಟುತ್ತಾ ಇರುವ ಒದ್ದೆ ಚಳಿಗಾಲವೇ ಕಾರಿಗೆ ಕಷ್ಟದ ಕಾಲ. ಹಾಗಾಗಿ ಕೆಳಗೆ ಹೇಳುವ ಪ್ರತಿಯೊಂದು ಕೆಲಸದಲ್ಲೂ ನಾನು ಕೇಳುವ ಪ್ರಶ್ನೆ ಒಂದೇ: ಒಳಗೆ ಹೋದ ನೀರು ಹೊರಗೆ ಬರಲು ದಾರಿ ಎಲ್ಲಿದೆ?

ಟಾರ್ಪಾಲಿನ್‌ನಿಂದಲೇ ಶುರು ಮಾಡೋಣ. ಬಿಸಿ ಪಾತ್ರೆಯ ಮೇಲೆ ತಟ್ಟೆ ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟು ಎತ್ತಿ ನೋಡಿದ್ದೀರಲ್ಲ, ಒಳಮೈಯಲ್ಲಿ ಹನಿ ಕಟ್ಟಿರುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಒಳಗೆ ಆಗುವುದೂ ಅದೇ. ಹಗಲು ಬಿಸಿಲು ಬಿದ್ದಾಗ ನೆಲದ ತೇವ ಆವಿಯಾಗಿ ಮೇಲೇರುತ್ತದೆ. ರಾತ್ರಿ ಸುತ್ತಲಿನ ಗಾಳಿಗಿಂತ ಹೊದಿಕೆ ಬೇಗ ತಣ್ಣಗಾಗುತ್ತದೆ, ಆವಿ ಅದರ ಒಳಮೈಯಲ್ಲಿ ನೀರಾಗಿ ಕಾರಿನ ಮೇಲೆ ತೊಟ್ಟಿಕ್ಕುತ್ತದೆ. ಮಳೆ ನಿಂತರೂ ಮರದ ಹನಿ ನಿಲ್ಲದು ಎನ್ನುತ್ತಾರಲ್ಲ, ಇಲ್ಲಿ ಮಳೆಯೇ ಬರದಿದ್ದರೂ ಹನಿ ನಿಲ್ಲುವುದಿಲ್ಲ. ನಾಲ್ಕು ತಿಂಗಳು ಹೀಗೆ ನೆನೆದ ಬಣ್ಣದ ಮೇಲೆ ಬಿಳಿಚಿದ ಮಚ್ಚೆಗಳು ಏಳುತ್ತವೆ. ಮೇಲ್ಪದರದೊಳಗೆ ಇಳಿದ ತೇವದ ಗುರುತು ಅದು. ಕೆಲವು ಸಲ ಬಿಸಿಲಿಗೆ ನಿಲ್ಲಿಸಿದರೆ ಮಾಯುತ್ತದೆ, ಕೆಲವು ಸಲ ಪಾಲಿಶ್ ಮಾಡಿದರೂ ಹೋಗುವುದಿಲ್ಲ.

ಇದಕ್ಕಿಂತ ಬೇಗ ಕಣ್ಣಿಗೆ ಬೀಳುವ ಹಾನಿ ಗಾಳಿಯದು. ಎಷ್ಟೇ ಬಿಗಿದು ಕಟ್ಟಿದರೂ ಟಾರ್ಪಾಲಿನ್ ಒಂದಿಷ್ಟು ಪಟಪಟಿಸುತ್ತದೆ. ಅದರ ಅಡಿಯಲ್ಲಿ ಸಿಕ್ಕಿದ ಧೂಳು ಉಪ್ಪುಕಾಗದದಂತೆ ಬಣ್ಣವನ್ನು ತೀಡುತ್ತದೆ. ಅಂಚಿನ ಲೋಹದ ಕಣ್ಣುಗಳು ಬಾಗಿಲಿಗೆ ಬಡಿಯುತ್ತವೆ. ಹಗ್ಗ ಹಾದುಹೋದ ಕಡೆಗಳಲ್ಲಿ, ವಿಶೇಷವಾಗಿ ಬಾನೆಟ್ ಮೂಲೆ ಮತ್ತು ಕನ್ನಡಿಗಳ ಬುಡದಲ್ಲಿ, ಬಣ್ಣ ಹೋಗಿ ಪ್ರೈಮರ್ ಕಾಣಿಸಿದ್ದನ್ನು ನಾನೇ ನೋಡಿದ್ದೇನೆ. ಕೆಟ್ಟ ಹೊದಿಕೆಗಿಂತ ಹೊದಿಕೆಯೇ ಇಲ್ಲದಿರುವುದು ಮೇಲು. ಇದನ್ನು ಒಪ್ಪಿಕೊಳ್ಳಲು ಜನರಿಗೆ ಕಷ್ಟವಾಗುತ್ತದೆ, ಆದರೆ ಬಯಲಲ್ಲಿ ನಿಂತ ಕಾರು ಮಳೆಯಲ್ಲಿ ನೆನೆದರೂ ಗಾಳಿಗೆ ಒಣಗುತ್ತದೆ.

ಹೊದಿಸಲೇಬೇಕು ಎಂದಿದ್ದರೆ ಹೊರಾಂಗಣಕ್ಕೆಂದೇ ಮಾಡಿದ, ನೀರನ್ನು ತಡೆದು ಆವಿಯನ್ನು ಹೊರಬಿಡುವ, ಹಲವು ಪದರಗಳ ಕವರ್ ತನ್ನಿ. ಒಳಮೈ ಮೆತ್ತಗಿರಬೇಕು. ನಿಮ್ಮ ಕಾರಿನ ಅಳತೆಗೇ ಹೊಲಿದದ್ದಾಗಿರಬೇಕು. ಜೋಲು ಕವರ್ ಎಂದರೆ ಅದೂ ಟಾರ್ಪಾಲಿನ್ನೇ. ಕಾರಿನ ಹೊಟ್ಟೆಯ ಅಡಿಯಿಂದ ಹಾಯ್ದು ಎರಡೂ ಬದಿಯನ್ನು ಬಿಗಿಯುವ ಪಟ್ಟಿಗಳಿದ್ದರೆ ಗಾಳಿಗೆ ಏಳುವುದಿಲ್ಲ. ತಂದಿರುವ ಟಾರ್ಪಾಲಿನ್ ದಂಡವಾಗಬಾರದು ಎಂದರೆ ಇನ್ನೊಂದು ದಾರಿಯಿದೆ: ಗಟ್ಟಿಯಾದ ಚೌಕಟ್ಟು ನಿಲ್ಲಿಸಿ, ಕಾರಿನ ಮೈಗೆ ಎಲ್ಲೂ ತಾಗದಂತೆ, ನಾಲ್ಕೂ ಬದಿ ತೆರೆದಿರುವಂತೆ ಅದನ್ನು ಇಳಿಜಾರು ಚಾವಣಿಯಾಗಿ ಕಟ್ಟಿ. ಆದರೆ ಹಿಮದ ಭಾರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಗತಾನೆ ಬಿದ್ದ ಹಿಮ ಹಗುರ. ನೆನೆದು ಕುಸಿದ ಹಿಮ ಒಂದು ಘನ ಮೀಟರಿಗೆ 300 ಕಿಲೋಗ್ರಾಂ ದಾಟುತ್ತದೆ. ದುರ್ಬಲ ಚೌಕಟ್ಟು ಅದನ್ನು ಹೊತ್ತು ನಿಲ್ಲದೆ ಕಾರಿನ ಮೇಲೆಯೇ ಕುಸಿದರೆ ಕಥೆ ಮುಗಿಯಿತು.

ಹುಲ್ಲಿನ ಜಾಗ ಯಾಕೆ ಬೇಡ ಎಂಬುದು ಈಗ ನಿಮಗೇ ಹೊಳೆದಿರಬೇಕು. ಮಣ್ಣು ಚಳಿಗಾಲವಿಡೀ ತೇವವನ್ನು ಮೇಲಕ್ಕೆ ಬಿಡುತ್ತಲೇ ಇರುತ್ತದೆ, ಆ ತೇವಕ್ಕೆ ಮೊದಲು ಸಿಗುವುದು ಕಾರಿನ ತಳ. ಕಾಂಕ್ರೀಟ್ ಅಥವಾ ನೀರು ಇಂಗುವ ಜಲ್ಲಿ ನೆಲ ಒಳ್ಳೆಯದು. ಬೇರೆ ಜಾಗವೇ ಇಲ್ಲವೆಂದರೆ ಹುಲ್ಲನ್ನು ಕತ್ತರಿಸಿ, ಕಾರಿನ ಅಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಚಕ್ರಗಳಿಗೆ ಹಲಗೆ ಕೊಡಿ. ನಿಮ್ಮ ಟಾರ್ಪಾಲಿನ್‌ಗೆ ಇದೇ ಸರಿಯಾದ ಕೆಲಸ, ಮೇಲೆ ಹೊದಿಸುವುದಕ್ಕಲ್ಲ, ಕೆಳಗೆ ಹಾಸುವುದಕ್ಕೆ. ನೀರು ಅದರ ಮೇಲೆ ಮಡುಗಟ್ಟದಂತೆ ಒಂದು ಕಡೆಗೆ ಕೊಂಚ ವಾಟ ಇರಲಿ. ಮರದ ಕೆಳಗೆ ಬೇಡ: ಹಿಮದ ಭಾರಕ್ಕೆ ಕೊಂಬೆ ಮುರಿಯುತ್ತದೆ, ಎಲೆ ಉದುರುತ್ತದೆ, ಹಕ್ಕಿ ಹಿಕ್ಕೆ ಹಾಕುತ್ತದೆ. ಇಳಿಜಾರು ಚಾವಣಿಯ ಅಂಚಿನ ಕೆಳಗೂ ಬೇಡ. ಅಲ್ಲಿಂದ ಒಮ್ಮೆಲೇ ಜಾರಿ ಬೀಳುವ ಹಿಮದ ರಾಶಿ ಕಾರಿನ ತಗಡನ್ನು ಜಜ್ಜಿಬಿಡುತ್ತದೆ.

ನಿಲ್ಲಿಸುವ ಮೊದಲು ತೊಳೆಯಬೇಕು. ಮೇಲಿಗಿಂತ ಕೆಳಗೆ ತೊಳೆಯುವುದು ಮುಖ್ಯ. ರಸ್ತೆಗೆ ಹಿಮ ಕರಗಿಸಲು ಉಪ್ಪು ಹಾಕುವ ಊರಾದರೆ ಇದರಲ್ಲಿ ಯಾವ ರಿಯಾಯಿತಿಯೂ ಇಲ್ಲ. ಗಾಢ ಉಪ್ಪುನೀರು ಮೈನಸ್ 21 ಡಿಗ್ರಿಯವರೆಗೂ ದ್ರವವಾಗಿಯೇ ಉಳಿಯಬಲ್ಲದು, ಅಂದರೆ ಸುತ್ತಲಿನದೆಲ್ಲ ಹೆಪ್ಪುಗಟ್ಟಿದಾಗಲೂ ಕಾರಿನ ತಳದ ಸಂದಿಯಲ್ಲಿ ಒದ್ದೆ ಇರುತ್ತದೆ. ಕೆಲವು ಕಡೆ ಬಳಸುವ ಕ್ಯಾಲ್ಸಿಯಂ ಕ್ಲೋರೈಡ್ ಇನ್ನೂ ಹಟಮಾರಿ, ಅದು ಗಾಳಿಯಿಂದಲೇ ತೇವವನ್ನು ಹೀರಿಕೊಂಡು ತನ್ನನ್ನು ತಾನೇ ಒದ್ದೆ ಮಾಡಿಕೊಳ್ಳುತ್ತದೆ. ಚಕ್ರದ ಕಮಾನುಗಳ ಒಳಗೆ, ಬಾಗಿಲುಗಳ ಕೆಳಗಿನ ಉದ್ದ ಪಟ್ಟಿಯ ಹಿಂದೆ, ಸಸ್ಪೆನ್ಶನ್ ಕೂಡುವ ಮೂಲೆಗಳಲ್ಲಿ ಅಂಟಿರುವ ಕೆಸರನ್ನು ನೀರು ಹಾಯಿಸಿ, ಬೆರಳು ಹಾಕಿ ತೆಗೆಯಿರಿ. ಆ ಕೆಸರು ಉಪ್ಪುನೀರನ್ನು ಹಿಡಿದಿಟ್ಟುಕೊಂಡ ಸ್ಪಂಜಿನಂತೆ. ಆಮೇಲೆ ಬಣ್ಣಕ್ಕೆ ಒಂದು ಕೈ ವ್ಯಾಕ್ಸ್.

ತೊಳೆದ ಕಾರನ್ನು ಹಾಗೇ ತಂದು ನಿಲ್ಲಿಸಬೇಡಿ. ಅರ್ಧ ಗಂಟೆ ಓಡಿಸಿ, ನಾಲ್ಕಾರು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ. ಡಿಸ್ಕ್ ಬಿಸಿಯಾಗಿ ನೀರು ಆರಬೇಕು. ಒದ್ದೆ ಡಿಸ್ಕಿನ ಮೇಲೆ ಪ್ಯಾಡ್ ತಿಂಗಳುಗಟ್ಟಲೆ ಕೂತರೆ ಅದೇ ಆಕಾರದ ತುಕ್ಕಿನ ಅಚ್ಚು ಮೂಡುತ್ತದೆ.

ಈಗ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದ, ಆದರೆ ಸಾಮಾನ್ಯವಾಗಿ ಯಾರೂ ಕೇಳದ ಸಂಗತಿಗೆ ಬರುತ್ತೇನೆ: ಕಾರಿನ ನೀರು ಹೋಗುವ ತೂತುಗಳು. ಮುಂಗಾಜಿನ ಬುಡದಲ್ಲಿ, ವೈಪರ್‌ಗಳ ಕೆಳಗೆ, ಕಪ್ಪು ಪ್ಲಾಸ್ಟಿಕ್ ಜಾಲರಿ ಇದೆಯಲ್ಲ, ಅದರಡಿಯಲ್ಲಿ ಒಂದು ದೊಡ್ಡ ಕಾಲುವೆಯಿದೆ. ಗಾಜಿನ ಮೇಲೆ ಬಿದ್ದ ಮಳೆಯೆಲ್ಲ ಅದಕ್ಕೇ ಇಳಿದು, ಎರಡೂ ತುದಿಯ ತೂತುಗಳಿಂದ ಕೆಳಗೆ ಹೋಗುತ್ತದೆ. ಒಂದಿಷ್ಟು ಎಲೆ ಕೊಳೆತು ಆ ತೂತನ್ನು ಮುಚ್ಚಿದರೆ ಕಾಲುವೆ ತುಂಬುತ್ತದೆ. ತುಂಬಿದ ನೀರಿಗೆ ಮುಂದಿನ ದಾರಿ ಯಾವುದು? ಹೀಟರಿನ ಗಾಳಿ ಒಳಬರುವ ಬಾಯಿ. ಅಲ್ಲಿಂದ ಬ್ಲೋವರ್ ಮೋಟಾರು, ಅಲ್ಲಿಂದ ಕಾಲಡಿಯ ಕಾರ್ಪೆಟ್. ಒಮ್ಮೆ ನನ್ನ ಬಳಿ ಬಂದ ಕಾರಿನ ದೂರು, ಚಾಲೂ ಆಗುತ್ತಿಲ್ಲ ಎಂದು. ಬ್ಯಾಟರಿ ಸರಿಯಿತ್ತು, ಪೆಟ್ರೋಲ್ ಇತ್ತು. ಎರಡು ತಾಸು ತಿಣುಕಾಡಿದ ಮೇಲೆ ಮುಂದಿನ ಸೀಟಿನ ಕಾರ್ಪೆಟ್ ಎತ್ತಿದರೆ ಅಡಿಯಲ್ಲಿದ್ದ ಕಂಟ್ರೋಲ್ ಯೂನಿಟ್ ನೀರಿನಲ್ಲಿ ಮುಳುಗಿ ಕೂತಿತ್ತು. ಕಾರಣ ಒಂದು ಹಿಡಿ ಎಲೆ.

ಸನ್‌ರೂಫ್ ಇದ್ದರೆ ಅದಕ್ಕೂ ಮೂಲೆಗಳಲ್ಲಿ ಸಣ್ಣ ಕೊಳವೆಗಳಿರುತ್ತವೆ. ಸನ್‌ರೂಫ್ ನೀರನ್ನು ಪೂರ್ತಿ ತಡೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಸುತ್ತಲಿನ ರಬ್ಬರ್ ದಾಟಿ ಒಂದಿಷ್ಟು ನೀರು ಒಳಗಿನ ತೊಟ್ಟಿಗೆ ಇಳಿದೇ ಇಳಿಯುತ್ತದೆ, ಅದನ್ನು ಹೊರಸಾಗಿಸಲು ಈ ಕೊಳವೆಗಳಿವೆ. ಸನ್‌ರೂಫ್ ತೆರೆದು ಪ್ರತಿ ಮೂಲೆಗೂ ಅರ್ಧ ಲೋಟ ನೀರು ಮೆಲ್ಲಗೆ ಹಾಕಿ. ಕಾರಿನ ಅಡಿಯಿಂದ ನೀರು ಇಳಿಯಬೇಕು. ಇಳಿಯದಿದ್ದರೆ ಮೆತ್ತಗಿನ ನೈಲಾನ್ ತಂತಿಯಿಂದ ಬಿಡಿಸಿ. ರಭಸದ ಗಾಳಿ ಊದಬೇಡಿ, ಒಳಗೆ ಕೊಳವೆಯ ಕೀಲು ಕಳಚಿದರೆ ನೀರು ನೇರ ಕಾರಿನೊಳಕ್ಕೇ ಹೋಗುತ್ತದೆ. ಬಾಗಿಲುಗಳ ಕೆಳ ಅಂಚಿನಲ್ಲೂ ಸಣ್ಣ ಸೀಳುಗಳಿವೆ; ಬೆರಳಾಡಿಸಿ ತೆರೆದಿವೆಯೇ ನೋಡಿ. ಇಷ್ಟಕ್ಕೆ ಅರ್ಧ ಗಂಟೆ ಸಾಕು. ನಾನು ಹೇಳಿದ್ದರಲ್ಲಿ ಒಂದನ್ನೇ ಮಾಡಲು ನಿಮಗೆ ಸಮಯವಿದೆ ಎಂದಾದರೆ ಇದನ್ನೇ ಮಾಡಿ.

ಭಾನುವಾರದ ಹತ್ತು ನಿಮಿಷದ ವಿಷಯ. ನೆರೆಯವರ ಮನಸ್ಸು ಒಳ್ಳೆಯದು, ಲೆಕ್ಕ ತಪ್ಪು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಆಗುವ ನೀರು ಅದು. ಬಿಸಿಯಾದ ಕಾರಿನಲ್ಲಿ ಇದು ಆವಿಯಾಗಿ ಹೊರಟುಹೋಗುತ್ತದೆ. ತಣ್ಣಗಿನ ಇಂಜಿನ್ ಹತ್ತು ನಿಮಿಷ ನಿಂತಲ್ಲೇ ಓಡಿದರೆ ಸೈಲೆನ್ಸರಿನ ಹೊಟ್ಟೆ ನೀರು ಆರುವಷ್ಟು ಕಾಯುವುದೇ ಇಲ್ಲ. ಪ್ರತಿ ವಾರ ಒಂದು ಸಣ್ಣ ಲೋಟದಷ್ಟು ನೀರು ಹುಟ್ಟಿ, ಒಂದು ಪಾಲು ಅಲ್ಲೇ ಉಳಿಯುತ್ತದೆ, ಒಂದಿಷ್ಟು ಇಂಜಿನ್ ಆಯಿಲ್‌ಗೂ ಸೇರುತ್ತದೆ. ತಣ್ಣಗಿರುವಾಗ ಇಂಜಿನ್‌ಗೆ ಹೆಚ್ಚು ಪೆಟ್ರೋಲ್ ಹೋಗುವುದರಿಂದ ಅದರಲ್ಲೂ ಸ್ವಲ್ಪ ಆಯಿಲ್‌ಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ಆಯಿಲ್ ಮುಚ್ಚಳ ತೆಗೆದಾಗ ಅಡಿಯಲ್ಲಿ ಮಜ್ಜಿಗೆಯಂಥ ಬಿಳಿ ಜಿಡ್ಡು ಕಾಣುವುದು ಇಂಥ ಕಾರುಗಳಲ್ಲೇ.

ಬ್ಯಾಟರಿಗಾದರೂ ಲಾಭವಿದೆಯೇ ಎಂದರೆ ಅದೂ ಇಲ್ಲ. ಬೀಗ ಹಾಕಿ ನಿಂತ ಕಾರಿನಲ್ಲೂ ಅಲಾರಂ, ಗಡಿಯಾರ, ರಿಮೋಟ್ ಕೀ ಹುಡುಕುವ ಸರ್ಕ್ಯೂಟ್ ಇವೆಲ್ಲ ಸೇರಿ ಸುಮಾರು 20ರಿಂದ 50 ಮಿಲಿಆಂಪಿಯರ್ ಕುಡಿಯುತ್ತಲೇ ಇರುತ್ತವೆ. 50 ಎಂದು ಹಿಡಿದರೆ ದಿನಕ್ಕೆ 1.2 ಆಂಪಿಯರ್ ಅವರ್, ವಾರಕ್ಕೆ 8ಕ್ಕಿಂತ ಹೆಚ್ಚು. ಇಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಹತ್ತು ನಿಮಿಷ 20 ಆಂಪಿಯರ್ ಕೊಟ್ಟರೂ ತುಂಬುವುದು ಮೂರೂ ಚಿಲ್ಲರೆ. ಅದರಲ್ಲೂ ತಣ್ಣಗಿರುವ ಬ್ಯಾಟರಿ ಚಾರ್ಜನ್ನು ಅಷ್ಟು ಸುಲಭವಾಗಿ ಒಳಗೆ ತೆಗೆದುಕೊಳ್ಳುವುದಿಲ್ಲ. ವಾರವಾರವೂ ಸಾಲ ಬೆಳೆಯುತ್ತದೆ. ನೆರೆಯವರು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು, ಉಪ್ಪಿಲ್ಲದ ಒಣ ರಸ್ತೆಯಲ್ಲಿ, ಚೆನ್ನಾಗಿ ಬಿಸಿಯಾಗುವಂತೆ ಓಡಿಸಿ ತರಬಲ್ಲರಾದರೆ ತಿಂಗಳಿಗೊಮ್ಮೆ ಓಡಿಸಲಿ. ಇಲ್ಲವಾದರೆ ಕೀಲಿ ಮುಟ್ಟದಿರುವುದೇ ಉಪಕಾರ.

ಇದೇ ಲೆಕ್ಕವನ್ನು ಮುಂದುವರಿಸಿದರೆ 50 ಆಂಪಿಯರ್ ಅವರ್‌ನ ಬ್ಯಾಟರಿ ಇಪ್ಪತ್ತು ದಿನಕ್ಕೆ ಅರ್ಧವಾಗಿ ನಲವತ್ತು ದಿನಕ್ಕೆ ಬರಿದಾಗುತ್ತದೆ. ಬರಿದಾಗುವುದಷ್ಟೇ ಆದರೆ ಮತ್ತೆ ತುಂಬಿಸಬಹುದಿತ್ತು. ಆದರೆ ಬ್ಯಾಟರಿಯೊಳಗಿನ ಆಮ್ಲ ಚಾರ್ಜ್ ಇಳಿದಂತೆ ನೀರಾಗುತ್ತಾ ಹೋಗುತ್ತದೆ. ಪೂರ್ತಿ ತುಂಬಿದ ಬ್ಯಾಟರಿ ಮೈನಸ್ 50 ಡಿಗ್ರಿಗೂ ಹೆಪ್ಪುಗಟ್ಟುವುದಿಲ್ಲ. ಬರಿದಾದದ್ದು ಮೈನಸ್ 7ರಿಂದ 10ರ ಆಸುಪಾಸಿನಲ್ಲೇ ಹೆಪ್ಪುಗಟ್ಟಿ, ಒಳಗಿನ ಫಲಕಗಳು ಬಾಗಿ, ಡಬ್ಬಿ ಸೀಳುತ್ತದೆ. ಹೆಪ್ಪುಗಟ್ಟಿದ ಬ್ಯಾಟರಿಗೆ ಯಾವ ಕಾರಣಕ್ಕೂ ಚಾರ್ಜರ್ ಹಾಕಬೇಡಿ, ಇನ್ನೊಂದು ಕಾರಿನಿಂದ ಜಂಪ್ ಕೊಡಲೂ ಬೇಡಿ, ಅದು ಸಿಡಿಯಬಹುದು.

ಆದ್ದರಿಂದ ಬ್ಯಾಟರಿ ಬಿಚ್ಚಿ ಮನೆಯೊಳಗೆ ಒಣಗಿರುವ, ಗಾಳಿಯಾಡುವ, ತಣ್ಣಗಿನ ಜಾಗದಲ್ಲಿಡಿ. ಬಿಚ್ಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಕೊನೆಗೆ ನೆಗೆಟಿವ್. ಪೂರ್ತಿ ಚಾರ್ಜ್ ಮಾಡಿಯೇ ಇಡಿ: ಚಾರ್ಜರ್ ತೆಗೆದು ಕೆಲವು ತಾಸು ಬಿಟ್ಟು ಮೀಟರ್ ಹಿಡಿದರೆ 12.6 ವೋಲ್ಟ್ ಅಥವಾ ಅದಕ್ಕಿಂತ ಮೇಲೆ ತೋರಿಸಬೇಕು. 12.2 ಎಂದರೆ ಅರ್ಧ ಖಾಲಿ. ತಣ್ಣಗಿನ ಜಾಗದಲ್ಲಿ ತಾನಾಗಿ ಇಳಿಯುವುದು ಕಡಿಮೆ, ನಾಲ್ಕು ತಿಂಗಳು ಸುಖವಾಗಿ ಕೂರುತ್ತದೆ. ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲೆ ಇಟ್ಟರೆ ಚಾರ್ಜ್ ಸೋರುತ್ತದೆ ಎಂದು ಈಗಲೂ ಹೇಳುವವರಿದ್ದಾರೆ; ಇಂದಿನ ಪ್ಲಾಸ್ಟಿಕ್ ಡಬ್ಬಿಯ ಬ್ಯಾಟರಿಗೆ ಅದು ಅನ್ವಯಿಸುವುದಿಲ್ಲ. ಕಾರಿನ ಹತ್ತಿರ ಸುರಕ್ಷಿತವಾದ ವಿದ್ಯುತ್ ಸಂಪರ್ಕವಿದ್ದರೆ ಬಿಚ್ಚದೆಯೇ, ಬೇಕಾದಷ್ಟೇ ಚಾರ್ಜ್ ಕೊಟ್ಟು ತಾನಾಗಿ ನಿಲ್ಲುವ ಮೇಂಟೇನರ್ ಜೋಡಿಸಿಡಬಹುದು. ಸಾಮಾನ್ಯ ಚಾರ್ಜರನ್ನು ಹಾಗೆ ಬಿಟ್ಟು ಹೋಗುವಂತಿಲ್ಲ.

ಬಿಚ್ಚುವ ಮೊದಲು ಎರಡು ಮಾತು. ರೇಡಿಯೊಗೆ ಕೋಡ್ ಬೇಕಾಗುವ ಕಾರಾದರೆ ಅದನ್ನು ಬರೆದಿಟ್ಟುಕೊಳ್ಳಿ. ಬ್ಯಾಟರಿ ಇಲ್ಲದಾಗ ರಿಮೋಟ್ ಕೆಲಸ ಮಾಡುವುದಿಲ್ಲ, ಆದ್ದರಿಂದ ಕೀಲಿ ಹಾಕಿ ಬಾಗಿಲು ತೆರೆಯುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ. ವರ್ಷಗಟ್ಟಲೆ ಕೀಲಿ ಕಾಣದ ಬೀಗ ತುಕ್ಕು ಹಿಡಿದಿರುತ್ತದೆ. ಕೆಲವು ಕಾರುಗಳ ಬ್ಯಾಟರಿ ಇರುವುದೇ ಡಿಕ್ಕಿಯಲ್ಲಿ, ಡಿಕ್ಕಿ ತೆರೆಯುವುದು ಕರೆಂಟಿನಿಂದ. ಅದನ್ನು ಬಿಚ್ಚಿ ಡಿಕ್ಕಿ ಮುಚ್ಚಿ ಆಮೇಲೆ ತಲೆಯ ಮೇಲೆ ಕೈ ಹೊತ್ತವರು ಒಬ್ಬಿಬ್ಬರಲ್ಲ.

ಕೂಲಂಟ್ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ, ಆದರೆ ಅಲಕ್ಷ್ಯ ಮಾಡಿದರೆ ಇಂಜಿನ್ನೇ ಹೋಗುತ್ತದೆ. ನೀರು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ಎರಕದ ಇಂಜಿನ್ ಬ್ಲಾಕ್ ಸೀಳಲು ಅಷ್ಟು ಸಾಕು. ಎಥಿಲಿನ್ ಗ್ಲೈಕಾಲ್ ಕೂಲಂಟ್ ಮತ್ತು ನೀರು ಅರ್ಧಕ್ಕರ್ಧ ಇದ್ದರೆ ಸುಮಾರು ಮೈನಸ್ 37 ಡಿಗ್ರಿಯವರೆಗೆ ಭಯವಿಲ್ಲ. ಬೇಸಿಗೆಯಲ್ಲಿ ರೇಡಿಯೇಟರ್ ಕಡಿಮೆಯಾಯಿತೆಂದು ಆಗಾಗ ಬರೀ ನೀರು ತುಂಬಿಸಿದ್ದರೆ ಈ ಪ್ರಮಾಣ ಕೆಟ್ಟಿರುತ್ತದೆ. ಯಾವ ವರ್ಕ್‌ಶಾಪಿನಲ್ಲಾದರೂ ಒಂದು ಹನಿ ತೆಗೆದು ರಿಫ್ರಾಕ್ಟೋಮೀಟರಿನಲ್ಲಿ ನೋಡಿ ಹೇಳುತ್ತಾರೆ. ನೀರನ್ನೇ ಸೇರಿಸದೆ ಶುದ್ಧ ಕೂಲಂಟ್ ತುಂಬಿಸುತ್ತೇನೆ ಎಂಬ ಅತಿ ಬುದ್ಧಿ ಬೇಡ: ನೀರಿಲ್ಲದ ಗ್ಲೈಕಾಲ್ ಮೈನಸ್ 13ರ ಹತ್ತಿರವೇ ಹೆಪ್ಪುಗಟ್ಟುತ್ತದೆ. ಗಾಜು ತೊಳೆಯುವ ನೀರಿನ ಡಬ್ಬಿಯನ್ನು ಹೆಚ್ಚಿನವರು ಮರೆಯುತ್ತಾರೆ. ಅದರಲ್ಲಿ ಚಳಿಗಾಲದ ದ್ರವ ತುಂಬಿಸಿ, ಒಮ್ಮೆ ಗಾಜಿಗೆ ಚಿಮ್ಮಿಸಿ, ಕೊಳವೆಯಲ್ಲಿದ್ದ ಹಳೆಯ ನೀರು ಹೊರಹೋಗುವಂತೆ ನೋಡಿಕೊಳ್ಳಿ.

ಇಂಜಿನ್ ಆಯಿಲ್ ಬದಲಿಸುವುದಿದ್ದರೆ ಬಂದ ಮೇಲಲ್ಲ, ಹೋಗುವ ಮೊದಲು. ಹಳೆಯ ಆಯಿಲ್‌ನಲ್ಲಿ ತೇವವೂ ಆಮ್ಲದ ಅಂಶವೂ ಸೇರಿರುತ್ತದೆ, ಅದರಲ್ಲಿ ಬೇರಿಂಗ್‌ಗಳನ್ನು ನಾಲ್ಕು ತಿಂಗಳು ನೆನೆಹಾಕುವುದೇಕೆ? ಟ್ಯಾಂಕ್ ತುಂಬಾ ಪೆಟ್ರೋಲ್ ಇರಲಿ. ಖಾಲಿ ಜಾಗ ಕಡಿಮೆಯಾದಷ್ಟೂ ತೇವದ ಗಾಳಿ ಕಡಿಮೆ. ಎಥನಾಲ್ ಬೆರೆತ ಪೆಟ್ರೋಲ್ ನೀರನ್ನು ಹೀರುತ್ತದೆ, ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪಂಪ್ ಮೊದಲು ಎಳೆಯುವುದು ಆ ತಳದ್ದನ್ನೇ. ಪೆಟ್ರೋಲ್ ಬೇಗ ಕೆಡದಂತೆ ಬೆರೆಸುವ ಫ್ಯೂಯಲ್ ಸ್ಟೆಬಿಲೈಸರ್ ಹಾಕುವುದಾದರೆ ಹಾಕಿದ ಮೇಲೆ ಹತ್ತು ಹದಿನೈದು ನಿಮಿಷ ಕಾರು ಓಡಿಸಿ, ಇಂಜೆಕ್ಟರ್‌ವರೆಗೂ ತಲುಪಬೇಕು. ನಿಮ್ಮದು ಪೆಟ್ರೋಲ್ ಕಾರು, ಇದಿಷ್ಟೇ ಸಾಕು. ಡೀಸೆಲ್ ಆಗಿದ್ದರೆ ಚಳಿಯಲ್ಲಿ ಮೇಣ ಕಟ್ಟದ ಚಳಿಗಾಲದ ಡೀಸೆಲನ್ನೇ ತುಂಬಿಸಬೇಕಿತ್ತು.

ಟೈರ್ ಒತ್ತಡವನ್ನು ಕಂಪನಿ ಹೇಳಿದ್ದಕ್ಕಿಂತ 4-5 ಪಿಎಸ್‌ಐ ಹೆಚ್ಚಿಗೆ ಹಾಕಿ, ಟೈರಿನ ಬದಿಯಲ್ಲಿ ಅಚ್ಚಾಗಿರುವ ಗರಿಷ್ಠ ಮಿತಿಯನ್ನು ದಾಟದಂತೆ. ತಾಪಮಾನ ಐದಾರು ಡಿಗ್ರಿ ಇಳಿದಾಗಲೆಲ್ಲ ಸುಮಾರು 1 ಪಿಎಸ್‌ಐ ಕಡಿಮೆಯಾಗುತ್ತದೆ, ಅದಲ್ಲದೆ ತಾನಾಗಿ ಸೋರುವುದೂ ಇದೆ. ಗಾಳಿ ಕಡಿಮೆಯಾಗಿ ಒಂದೇ ಕಡೆ ನಿಂತ ಟೈರು ಆ ಭಾಗದಲ್ಲಿ ಚಪ್ಪಟೆಯಾಗುತ್ತದೆ. ಕಾರನ್ನು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಬೇಕೇ ಎಂದು ಕೆಲವರು ಕೇಳುತ್ತಾರೆ. ಹೊರಗೆ ನಿಲ್ಲುವ ಕಾರಿಗೆ ನಾನು ಬೇಡ ಎನ್ನುತ್ತೇನೆ. ನೆಲ ನೆನೆದು ಸ್ಟ್ಯಾಂಡ್ ವಾಲಿದರೆ ಅಪಾಯ, ಸಸ್ಪೆನ್ಶನ್ ಜೋತು ಬಿದ್ದರೆ ಅದರ ರಬ್ಬರ್ ಬುಷ್‌ಗಳೂ ತಿರುಚಿಕೊಂಡೇ ಉಳಿಯುತ್ತವೆ. ನೆರೆಯವರಿಗೆ ಏನಾದರೂ ಕೆಲಸ ಕೊಡಲೇಬೇಕೆಂದಿದ್ದರೆ ತಿಂಗಳಿಗೊಮ್ಮೆ ಕಾರನ್ನು ಒಂದಡಿ ತಳ್ಳಲು ಹೇಳಿ, ಹೊಸ ಜಾಗದಲ್ಲಿ ಚಕ್ರಗಳಿಗೆ ಮತ್ತೆ ಒತ್ತು ಕೊಡುವುದನ್ನು ಮರೆಯದಂತೆ.

ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಹಿಂದಿನ ಡ್ರಮ್ಮಿಗೆ ಲೈನರ್ ಅಂಟಿಕೊಳ್ಳುತ್ತದೆ, ಕೇಬಲ್ಲಿನೊಳಗೆ ನೀರಿದ್ದರೆ ಹೆಪ್ಪುಗಟ್ಟುತ್ತದೆ. ಸಮತಟ್ಟು ಜಾಗದಲ್ಲಿ ಮೊದಲ ಗೇರಿಗೆ ಹಾಕಿ, ಆಟೊಮ್ಯಾಟಿಕ್ ಆದರೆ ಪಾರ್ಕಿಗೆ ಹಾಕಿ, ಚಕ್ರಗಳಿಗೆ ಮುಂದೆ ಹಿಂದೆ ಮರದ ತುಂಡಿನ ಒತ್ತು ಕೊಡಿ. ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಕೆಲವು ಕಾರುಗಳಲ್ಲಿ ಇಂಜಿನ್ ನಿಲ್ಲಿಸಿದೊಡನೆ ತಾನಾಗಿ ಬೀಳುತ್ತದೆ. ಅದನ್ನು ತಡೆಯುವ ಬಗೆಯನ್ನು ಕಾರಿನ ಕೈಪಿಡಿಯಲ್ಲಿ ನೋಡಿ. ತಳ್ಳುವ ದಿನ ನೆರೆಯವರಿಗೆ ಗೇರ್ ತೆಗೆಯಲು ಕೀಲಿ ಬೇಕಾಗುತ್ತದೆ. ಬ್ಯಾಟರಿ ಇಲ್ಲದೆ ಪಾರ್ಕಿನಿಂದ ಗೇರ್ ಬಿಡಿಸಲಾಗದ ಕಾರಾದರೆ ಈ ತಳ್ಳುವ ಕೆಲಸವನ್ನೇ ಬಿಟ್ಟುಬಿಡಿ. ಸರಿಯಾದ ಗಾಳಿಯಿದ್ದ ಟೈರಿಗೆ ನಾಲ್ಕು ತಿಂಗಳಲ್ಲಿ ಬರುವ ಚಪ್ಪಟೆತನ ಹೆಚ್ಚಾಗಿ ಒಂದಷ್ಟು ದೂರ ಓಡಿದೊಡನೆ ಸರಿಹೋಗುತ್ತದೆ.

ಇನ್ನು ಇಲಿ. ಗುಡ್ಡ ಅಗೆದು ಇಲಿ ಹಿಡಿದರು ಎಂದು ನಗುತ್ತೇವೆ, ಆದರೆ ಕಾರಿನೊಳಗೆ ಸೇರಿದ ಇಲಿಯನ್ನು ಹಿಡಿಯಲು ಡ್ಯಾಶ್‌ಬೋರ್ಡನ್ನೇ ಕಳಚಬೇಕಾಗಿ ಬಂದದ್ದೂ ಉಂಟು. ಚಳಿಗೆ ಅವು ಹುಡುಕುವುದು ಗಾಳಿ ಬೀಸದ, ಒಣಗಿದ, ಮೆತ್ತಗಿನ ಮೂಲೆ. ಏರ್ ಫಿಲ್ಟರ್ ಡಬ್ಬಿಗಿಂತ ಒಳ್ಳೆಯ ಮನೆ ಅವುಗಳಿಗೆ ಎಲ್ಲಿ ಸಿಗುತ್ತದೆ! ನಾನು ಬಿಚ್ಚಿದ ಒಂದು ಡಬ್ಬಿಯಲ್ಲಿ ಸೀಟಿನ ಸ್ಪಂಜು ಹರಿದು ತಂದು ಕಟ್ಟಿದ ಗೂಡಿತ್ತು, ಅಂದರೆ ಇಲಿ ಕಾರಿನ ಒಳಗೂ ಹೊರಗೂ ಸಲೀಸಾಗಿ ಓಡಾಡಿಕೊಂಡಿತ್ತು. ಗಾಳಿ ಒಳಹೋಗುವ ಕೊಳವೆಯ ಬಾಯಿಗೂ ಸೈಲೆನ್ಸರಿನ ತುದಿಗೂ ಸಣ್ಣ ಕಣ್ಣಿನ ಲೋಹದ ಜಾಲರಿ ಕಟ್ಟಿ. ಬಟ್ಟೆ ತುರುಕಬೇಡಿ, ಅದು ಗೂಡಿಗೆ ನೀವೇ ಕೊಟ್ಟ ಹಾಸಿಗೆ. ಕಾರಿನೊಳಗೆ ತಿನ್ನುವ ಪದಾರ್ಥದ ಒಂದು ಚೂರೂ ಇರಬಾರದು, ಮಗುವಿನ ಸೀಟಿನ ಅಡಿಯನ್ನೂ ಎತ್ತಿ ನೋಡಿ. ನುಸಿಗುಳಿಗೆ, ಘಾಟು ಎಣ್ಣೆ ಇತ್ಯಾದಿಗಳಲ್ಲಿ ನನಗೆ ನಂಬಿಕೆಯಿಲ್ಲ. ವಾಸನೆ ಕೆಲವೇ ವಾರಗಳಲ್ಲಿ ಹೋಗುತ್ತದೆ, ಹೋಗದಿದ್ದರೆ ಬೇಸಿಗೆಯವರೆಗೂ ನೀವೇ ಅದನ್ನು ಸಹಿಸಬೇಕು. ಜಾಲರಿ ಕಟ್ಟಿದ ಮೇಲೆ ಒಂದು ಕೆಂಪು ಚೀಟಿಯಲ್ಲಿ ‘ಸೈಲೆನ್ಸರ್, ಏರ್ ಫಿಲ್ಟರ್ ಬಾಯಿ ಮುಚ್ಚಿದೆ, ಹ್ಯಾಂಡ್‌ಬ್ರೇಕ್ ಹಾಕಿಲ್ಲ’ ಎಂದು ಬರೆದು ಸ್ಟೀರಿಂಗಿಗೆ ಅಂಟಿಸಿ. ನಾಲ್ಕು ತಿಂಗಳಲ್ಲಿ ಮರೆತಿರುತ್ತೀರಿ.

ಕಾರಿನ ಒಳಗೆ ಒದ್ದೆ ಮ್ಯಾಟ್, ಕೊಡೆ, ಬಟ್ಟೆ ಏನೂ ಉಳಿಯದಿರಲಿ. ಮ್ಯಾಟ್‌ಗಳನ್ನು ತೆಗೆದು ಮನೆಯೊಳಗಿಟ್ಟರೆ ಇನ್ನೂ ಒಳ್ಳೆಯದು. ಕಿಟಕಿಗಳು ಪೂರ್ತಿ ಮುಚ್ಚಿರಲಿ. ಗಾಳಿಯಾಡಲೆಂದು ಸಂದು ಬಿಡುವುದು ಚಾವಣಿ ಇದ್ದಲ್ಲಿ ಸರಿ, ಬಯಲಲ್ಲಿ ಸರಿಯಲ್ಲ. ತೇವ ಹೀರುವ ಸಿಲಿಕಾ ಜೆಲ್ ಚೀಲಗಳನ್ನು ಇಡಬಹುದು. ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ, ನೀರು ಸಂಗ್ರಹವಾಗುವ ಡಬ್ಬಿಗಳನ್ನು ಇಡಬೇಡಿ. ಅದು ಮಗುಚಿದರೆ ಚೆಲ್ಲುವುದು ಉಪ್ಪುನೀರು, ರಸ್ತೆಯಿಂದ ತೊಳೆದು ಕಳೆದದ್ದನ್ನೇ ಕಾರ್ಪೆಟ್ಟಿಗೆ ಸುರಿದಂತೆ. ಬಾಗಿಲಿನ ರಬ್ಬರ್ ಪಟ್ಟಿಗಳಿಗೆ ಸಿಲಿಕೋನ್ ಲೇಪಿಸಿ, ಇಲ್ಲದಿದ್ದರೆ ಅವು ತಗಡಿಗೆ ಹೆಪ್ಪುಗಟ್ಟಿ ಅಂಟಿ, ತೆರೆಯುವಾಗ ಹರಿಯುತ್ತವೆ. ವೈಪರ್ ಗಾಜಿಗೆ ಅಂಟದಂತೆ ಅಡಿಗೆ ಏನಾದರೂ ಕೊಡಿ.

ನೆರೆಯವರಿಗೆ ಒಂದು ನಿಜವಾದ ಕೆಲಸವಿದೆ: ಭಾರೀ ಹಿಮ ಬಿದ್ದ ಮರುದಿನ ಬಂದು ನೋಡುವುದು. ಚಾವಣಿಯ ಮೇಲಿನದನ್ನು ಮೆತ್ತಗಿನ ಪೊರಕೆಯಿಂದ ಸರಿಸಿದರೆ ಸಾಕು, ಗೀರಿ ಕೆರೆದು ತೆಗೆಯುವುದು ಬೇಡ. ಕವರ್ ಮಂಜುಗಡ್ಡೆಯಾಗಿ ಬಣ್ಣಕ್ಕೆ ಅಂಟಿದ್ದರೆ ಎಳೆಯಬಾರದು, ಬಿಸಿನೀರು ಸುರಿಯಬಾರದು. ಬಿಸಿಲು ಬರುವವರೆಗೆ ಹಾಗೇ ಇರಲಿ. ಎಲೆಗಳಿದ್ದರೆ ಮುಂಗಾಜಿನ ಬುಡದಿಂದ ಹೆಕ್ಕಿ ತೆಗೆಯಲಿ. ವಿಮೆಯನ್ನು ನಿಲ್ಲಿಸಿ ಹಣ ಉಳಿಸುವ ಯೋಚನೆ ಇದ್ದರೆ ಕಳವು, ಬೆಂಕಿ, ಬೀಳುವ ಕೊಂಬೆ ಇವುಗಳ ರಕ್ಷಣೆಯನ್ನಾದರೂ ಉಳಿಸಿಕೊಳ್ಳಿ.

ಬಂದ ದಿನವೇ ಕೀಲಿ ತಿರುಗಿಸಬೇಡಿ. ಮೊದಲು ಕಾರಿನ ಅಡಿ ನೋಡಿ, ಏನಾದರೂ ಸೋರಿದೆಯೇ ಎಂದು. ಬಾನೆಟ್ ತೆರೆದು ವೈರುಗಳನ್ನೂ ಏರ್ ಫಿಲ್ಟರ್ ಡಬ್ಬಿಯನ್ನೂ ನೋಡಿ, ಜಾಲರಿ ಬಿಚ್ಚಿ. ಆಯಿಲ್, ಕೂಲಂಟ್, ಬ್ರೇಕ್ ಆಯಿಲ್ ಮಟ್ಟ ನೋಡಿ. ಬ್ಯಾಟರಿಯನ್ನು ಮತ್ತೊಮ್ಮೆ ತುಂಬಿಸಿಯೇ ಜೋಡಿಸಿ. ಬ್ರೇಕ್ ಪೆಡಲ್ ಒತ್ತಿದರೆ ಗಟ್ಟಿಯಾಗಿ ನಿಲ್ಲಬೇಕು. ನೆಲಕ್ಕೆ ಇಳಿದರೆ ಕಾರು ಅಲ್ಲೇ ಇರಲಿ, ಮೆಕ್ಯಾನಿಕ್ ಬರಲಿ. ಟೈರಿನ ಹೆಚ್ಚುವರಿ ಗಾಳಿಯನ್ನು ಇಳಿಸಿ. ಚಾಲೂ ಆದ ಮೇಲೆ ಇಂಜಿನನ್ನು ಜೋರಾಗಿ ತಿರುಗಿಸದೆ, ಆಯಿಲ್ ದೀಪ ಆರಿದ್ದನ್ನು ಖಚಿತಪಡಿಸಿಕೊಂಡು ಮೆಲ್ಲಗೆ ಹೊರಡಿ. ಮೊದಲ ಕೆಲವು ಸಲ ಬ್ರೇಕ್ ಒತ್ತಿದಾಗ ಕರಕರ ಸದ್ದು ಬರುತ್ತದೆ, ಡಿಸ್ಕಿನ ಮೇಲಿನ ತೆಳು ತುಕ್ಕು ಉಜ್ಜಿ ಹೋಗುವ ಸದ್ದು ಅದು. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿದ ಮೇಲೂ ನಿಲ್ಲದಿದ್ದರೆ, ಅಥವಾ ಪೆಡಲ್ ಅದುರಿದರೆ, ಚಕ್ರ ಬಿಚ್ಚಿಸಿ ನೋಡಿಸಿ. ಕವರನ್ನು ಮಾತ್ರ ಅದೇ ದಿನ ಮಡಿಸಿಡಬೇಡಿ, ಎರಡು ದಿನ ಬಿಸಿಲಿಗೆ ಹರವಿ.